ನುಸಿಗಳ ಜೀವನ ವೃತ್ತಾಂತ

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಸಮೀಪದಲ್ಲಿ ಬಾಳೆಗುಳಿ ಎಂಬ ಊರಿದೆ. ಕಾರವಾರದಿಂದ ದಕ್ಷಿಣಕ್ಕೆ ಸಾಗುವ ಕರಾವಳಿಯ ಹೆದ್ದಾರಿಯನ್ನು, ಹುಬ್ಬಳ್ಳಿಯಿಂದ ಘಟ್ಟವಿಳಿದು ಬರುವ ಹೆದ್ದಾರಿಯು ಕೂಡಿಕೊಳ್ಳುವುದು ಇಲ್ಲಿಯೇ. ಒಂದು ಮಗ್ಗುಲಿಗೆ ಕಡಲತಡಿಯ ತೆಂಗಿನ ಸೀಮೆ. ಇನ್ನೊಂದು ಮಗ್ಗುಲಿಗೆ, ಆರಬೈಲು ಘಟ್ಟವನ್ನೇರಿ ಯಲ್ಲಾಪುರದತ್ತ ಹೋಗುವ ದಾರಿಯಲ್ಲಿ, ಸಹ್ಯಾದ್ರಿಯ ಅಡವಿ. ಈ ಎರಡು ಸೀಮೆಗಳಿಗೂ ಕಳೆದ ಕೆಲವು ದಶಕಗಳಲ್ಲಿ ಕಾಟ ಕೊಟ್ಟಿರುವ ಎರಡು ಕಿರುಜೀವಿಗಳು ಒಂದೇ ಕುಲಕ್ಕೆ ಸೇರಿದವು. ತೆಂಗಿನ ಕಾಯಿಯ ತೊಟ್ಟಿನಡಿಯಲ್ಲಿ ಅಡಗಿರುವ ಒಂದನ್ನು ಬರಿಗಣ್ಣಿಗೆ ಕಾಣುವುದು ಅಸಾಧ್ಯ. ಕಾಡಿನ ಹುಲ್ಲಿನ ತುದಿಯಲ್ಲಿ ಕಾದು ಕುಳಿತಿರುವ ಇನ್ನೊಂದನ್ನು, ಅದು ಮೈಗೆ ಹತ್ತಿದ ಮೇಲೆ, ತುಸು ಕಷ್ಟಪಟ್ಟು ಕಾಣಬಹುದು. ಮೊದಲನೆಯದು ತೋಟಗಾರನ ಫಸಲನ್ನು ಕೆಡಿಸುತ್ತದೆ. ಎರಡನೆಯದು ಮನುಷ್ಯನ ಪ್ರಾಣವನ್ನೇ ತೆಗೆಯಬಲ್ಲುದು. ಇವುಗಳ ಹುಟ್ಟು, ಬೆಳವಣಿಗೆ, ಆಹಾರ ಇವುಗಳನ್ನು ಅರಿತಲ್ಲದೆ ಇವುಗಳನ್ನು ಎದುರಿಸುವ ಬಗೆ ತಿಳಿಯದು. ಆದುದರಿಂದ ಈ ಕುಲದ ಜೀವನಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಹೆಸರಿನ ಮಾತು. ನಮ್ಮ ಆಡುಮಾತಿನಲ್ಲಿ ‘ನುಸಿ’ ಎಂಬುದು ಬಹಳ ಸಡಿಲವಾದ ಶಬ್ದ. ಅಕ್ಕಿಗೆ ನುಸಿ ಹಿಡಿಯಿತು ಎನ್ನುತ್ತೇವೆ. ದೀಪದ ಸುತ್ತ ಹಾರುವ ಸಣ್ಣ ಹುಳಗಳನ್ನೂ ನುಸಿ ಎನ್ನುವವರುಂಟು. ಆದರೆ ಅಕ್ಕಿಯಲ್ಲಿ ಸಿಕ್ಕುವ ಮೂತಿಹುಳ, ದೀಪಕ್ಕೆ ಮುತ್ತುವ ನೊರಜು, ಇವೆಲ್ಲ ಕೀಟಗಳು. ಪ್ರಾಣಿಶಾಸ್ತ್ರದಲ್ಲಿ ನುಸಿಯೆಂದರೆ ಜೇಡ, ಚೇಳುಗಳ ಬಳಗಕ್ಕೆ ಸೇರಿದ, ಬಹುಮಟ್ಟಿಗೆ ಎಂಟು ಕಾಲುಗಳುಳ್ಳ, ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಪ್ರಾಣಿ. ದನದ ಕಿವಿಯಲ್ಲಿ, ನಾಯಿಯ ಕುತ್ತಿಗೆಯಲ್ಲಿ ಕಚ್ಚಿಕೊಂಡಿರುವ ಉಣುಗು (ಉಣ್ಣೆಯೆಂದೂ ಇದನ್ನು ಕರೆಯುತ್ತಾರೆ) ಇದೇ ಕುಲದ ದೊಡ್ಡಣ್ಣ. ಈ ಲೇಖನದಲ್ಲಿ ನುಸಿ ಎಂಬ ಮಾತನ್ನು ನಾವು ಈ ಅರ್ಥದಲ್ಲಿಯೇ ಬಳಸುತ್ತೇವೆ.

ಕೀಟದ ಶರೀರದಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳು ಸ್ಪಷ್ಟವಾಗಿರುತ್ತವೆ. ಮೂರು ಜೊತೆ ಕಾಲುಗಳೂ ತಲೆಯ ಮೇಲೆ ಒಂದು ಜೊತೆ ಕುಡಿಮೀಸೆಗಳೂ ಇರುತ್ತವೆ. ಜೇಡಕ್ಕೆ ಮೀಸೆಗಳಿಲ್ಲ, ತಲೆಯೂ ಎದೆಯೂ ಒಂದಾಗಿ ಬೆಸೆದು, ಸಣ್ಣ ಸೊಂಟದಿಂದ ಹೊಟ್ಟೆಗೆ ಅಂಟಿಕೊಂಡಿರುತ್ತವೆ. ನುಸಿಯಲ್ಲಿ ಈ ಬೆಸುಗೆ ಇನ್ನೂ ಮುಂದುವರಿದು ಸೊಂಟವೇ ಮಾಯವಾಗಿದೆ. ಅದರ ಮೈ ಒಂದೇ ಚೀಲ. ಚೀಲದ ಮುಂತುದಿಗೆ, ಬೇರೆಯಾಗಿ ತಂದು ಸಿಕ್ಕಿಸಿದಂತೆ, ಒಂದು ಪುಟ್ಟ ಮುಖಭಾಗವಿದೆ. ನೋಡುವವರು ಇದನ್ನು ತಲೆಯೆಂದು ಭಾವಿಸುವುದು ಸಹಜ. ಆದರೆ ಅದರಲ್ಲಿ ಮಿದುಳೂ ಇಲ್ಲ, ಕಣ್ಣೂ ಇಲ್ಲ. ಮಿದುಳು ಹಿಂದಿನ ಚೀಲದೊಳಗಿದೆ. ಕಣ್ಣುಗಳು, ಇರುವ ಜಾತಿಗಳಲ್ಲಿ, ಚೀಲದ ಮೇಲೆಯೇ ಇವೆ. ಮುಖಭಾಗವು ಕೇವಲ ಉಣ್ಣುವ ಸಾಧನ. ಅದರಲ್ಲಿ ಎರಡು ಚಿಮುಟಾಂಗಗಳೂ ಅವುಗಳ ಪಕ್ಕದಲ್ಲಿ ತಡವಿ ನೋಡುವ ಎರಡು ಸ್ಪರ್ಶಕರಗಳೂ ಇರುತ್ತವೆ.

ಈ ಚಿಮುಟಾಂಗಗಳನ್ನು ನೋಡಿಯೇ ನುಸಿಯ ಕಸುಬನ್ನು ಹೇಳಿಬಿಡಬಹುದು. ಬೇರೆ ನುಸಿಗಳನ್ನು ಹಿಡಿದು ತಿನ್ನುವ ಬೇಟೆಗಾರನಲ್ಲಿ ಅವು ಹಲ್ಲುಗಳುಳ್ಳ ಇಕ್ಕುಳ. ಎಲೆಯ ರಸ ಹೀರುವ ಜಾತಿಗಳಲ್ಲಿ ಅವೇ ನೀಳವಾದ ಸೂಜಿಗಳು. ಉಣುಗಿನಲ್ಲಿ ಅವು ಚರ್ಮವನ್ನು ಕೊಯ್ಯುವ ಚೂರಿಗಳಾಗಿದ್ದು, ಅವುಗಳ ಕೆಳಗೆ ಹಿಮ್ಮುಖವಾದ ಮುಳ್ಳುಗಳ ಸಾಲುಗಳಿರುವ ಒಂದು ಕೊಕ್ಕೂ ಉಂಟು. ಈ ಮುಳ್ಳುಗಳಿಂದಾಗಿಯೇ ಉಣುಗನ್ನು ಎಳೆದು ಕೀಳುವುದು ಅಷ್ಟು ಪ್ರಯಾಸದ ಕೆಲಸ. ಅತಿ ಸಣ್ಣ ನುಸಿಗಳಿಗೆ ಶ್ವಾಸನಾಳಗಳೇ ಇಲ್ಲ. ತೆಳುವಾದ ಚರ್ಮದ ಮೂಲಕವೇ ಅವು ಉಸಿರಾಡುತ್ತವೆ. ಬಹು ಜಾತಿಗಳಿಗೆ ಕಣ್ಣಿಲ್ಲ. ಕಣ್ಣಿನ, ಕಿವಿಯ, ಮೂಗಿನ ಕೆಲಸವನ್ನೆಲ್ಲ ಮೈ ಮೇಲಿನ ಹಾಗೂ ಕಾಲುಗಳ ಮೇಲಿನ ರೋಮಗಳೇ ಮಾಡುತ್ತವೆ.

ಇದುವರೆಗೆ ಐವತ್ತು ಸಾವಿರಕ್ಕೂ ಮಿಗಿಲಾದ ನುಸಿಜಾತಿಗಳಿಗೆ ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಹೆಸರಿಡದವು ಇದರ ಅನೇಕ ಪಟ್ಟು ಇವೆಯೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿಯ ಕಲ್ಲುಗಳಲ್ಲಿ ಸುಮಾರು ೪೧ ಕೋಟಿ ವರ್ಷಗಳಷ್ಟು ಹಳೆಯ ನುಸಿಗಳ ಅವಶೇಷಗಳು ದೊರೆತಿವೆ. ನೆಲದ ಮೇಲೆ ಗಿಡಮರಗಳು ಇನ್ನೂ ಮೊಣಕಾಲೆತ್ತರಕ್ಕೆ ಬೆಳೆಯುತ್ತಿದ್ದ ಕಾಲವದು! ಅಂದಿನಿಂದ ಇಂದಿನವರೆಗೆ ಇವು ಹೊಗದ ಸ್ಥಳವಿಲ್ಲ. ಸಮುದ್ರದ ತಳ, ಹಿಮಪ್ರದೇಶ, ಹಕ್ಕಿಯ ಗರಿ, ಜೇನಿನ ಗೂಡು ಎಲ್ಲೆಲ್ಲಿಯೂ ಇವೆ. ಈ ವಾಕ್ಯವನ್ನು ಓದುತ್ತಿರುವ ವಾಚಕರ ಮುಖದ ಮೇಲಿನ ರೋಮಕೂಪಗಳಲ್ಲಿಯೂ ಬಹುಶಃ ಒಂದು ಜಾತಿಯ ನುಸಿ ಮಲಗಿದೆ. ಇದಕ್ಕೆ ಗುದದ್ವಾರವೇ ಇಲ್ಲ, ಮಲವನ್ನೆಲ್ಲ ಸಾಯುವ ತನಕ ಒಳಗೇ ಹೊತ್ತಿರುತ್ತದೆ ಎಂದು ಬಹುಕಾಲ ಹೇಳಲಾಗುತ್ತಿತ್ತು. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯು ಈ ಅಪವಾದದಿಂದ ಅದನ್ನು ಮುಕ್ತಗೊಳಿಸಿತು.

ಇನ್ನು ಬೆಳವಣಿಗೆಯ ವಿಷಯ. ನುಸಿಯ ಮೈಯ ಹೊರಕವಚವು ಹಿಗ್ಗಲಾರದು. ಆದುದರಿಂದ ಬೆಳೆಯಬೇಕಾದರೆ ಅದು ಆಗಾಗ ಪೊರೆ ಕಳಚಲೇಬೇಕು. ಒಂದು ಪೊರೆಗೂ ಇನ್ನೊಂದು ಪೊರೆಗೂ ನಡುವಿನ ಅವಧಿಯೇ ಒಂದು ‘ಅವಸ್ಥೆ’. ಮೊಟ್ಟೆಯಿಂದ ಹೊರಬೀಳುವ ಮರಿಗೆ ‘ಡಿಂಭ’ವೆಂದು ಹೆಸರು. ಇದಕ್ಕೆ ಆರೇ ಕಾಲುಗಳು. ಎಂಟು ಕಾಲಿನ ಕುಲದಲ್ಲಿ ಹುಟ್ಟಿಯೂ ಮರಿಗೆ ಆರು ಕಾಲುಗಳಿರುವುದು ಸೋಜಿಗವೇ ಸರಿ. ನಾಲ್ಕನೆಯ ಜೊತೆ ಕಾಲು ಮೂಡುವುದು ಮೊದಲನೆಯ ಪೊರೆ ಕಳಚಿದ ಮೇಲೆ. ಆಗ ಅದು ‘ಅಪ್ಸರೆ’ಯಾಗುತ್ತದೆ. ನೋಟಕ್ಕೆ ಪ್ರೌಢಜೀವಿಯಂತೆಯೇ ಇದ್ದು, ಸಂತಾನಶಕ್ತಿ ಇನ್ನೂ ಬಾರದ ಅವಸ್ಥೆಗೆ ನಮ್ಮ ಶಾಸ್ತ್ರಗ್ರಂಥಗಳು ಕೊಟ್ಟ ಹೆಸರಿದು. ಉಣುಗಿನ ಮರಿಯನ್ನು ಅಪ್ಸರೆಯೆಂದು ಕರೆಯಲು ಎದೆಗಾರಿಕೆ ಬೇಕೆಂಬುದು ನಿಜ. ಹಲವು ಜಾತಿಗಳಲ್ಲಿ ಒಂದರ ಮೇಲೊಂದರಂತೆ ಮೂರು ಅಪ್ಸರಾವಸ್ಥೆಗಳುಂಟು, ಕೆಲವಲ್ಲಿ ಎರಡು, ಕಠಿಣ ಕವಚದ ಉಣುಗುಗಳಲ್ಲಿ ಒಂದೇ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಒಂದೇ ನುಸಿ ತನ್ನ ಬೇರೆ ಬೇರೆ ಅವಸ್ಥೆಗಳಲ್ಲಿ ಬೇರೆ ಬೇರೆ ಬದುಕನ್ನು ಬಾಳಬಲ್ಲುದು. ಡಿಂಭಕ್ಕೊಂದು ಊಟ, ಅಪ್ಸರೆಗೊಂದು, ಪ್ರೌಢಜೀವಿಗೆ ಮತ್ತೊಂದು. ಹಿಟ್ಟಿನಲ್ಲಿಯೂ ಬೂಷ್ಟಿನಲ್ಲಿಯೂ ಬೆಳೆಯುವ ಕೆಲವು ನುಸಿಗಳ ನಡುವಣ ಅಪ್ಸರೆಗೆ ಬಾಯಿಯೇ ಇರುವುದಿಲ್ಲ. ಅದು ಏನನ್ನೂ ತಿನ್ನದೆ, ಒಂದು ಕೀಟದ ಮೈಗೆ ಹೀರುಬಟ್ಟಲುಗಳಿಂದ ಅಂಟಿಕೊಂಡು, ಹೊಸ ಊರಿಗೆ ಪ್ರಯಾಣ ಮಾಡುವುದಕ್ಕೇ ಮೀಸಲಾದ ಅವಸ್ಥೆ. ಮೃಗಶಿರಾ ಮಳೆ ಬಿದ್ದಾಗ ಹೊಲದ ಕೆಂಪು ಮಣ್ಣಿನ ಮೇಲೆ ಮಖಮಲ್ಲಿನ ಗುಂಡಿಯಂತೆ ಹರಿದಾಡುವ ಇಂದ್ರಗೋಪವನ್ನು ಯಾರು ನೋಡಿಲ್ಲ? ಉತ್ತರ ಕರ್ನಾಟಕದವರು ಇದನ್ನು ಮಿರಗದ ಹುಳವೆನ್ನುತ್ತಾರೆ. ಹುಳವೆಂದರೂ ಇದು ನುಸಿಯೇ. ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆದು, ತನ್ನ ಕುಲದಲ್ಲಿ ದೈತ್ಯನೆನಿಸಿದೆ. ಮಕ್ಕಳ ಅಂಗೈಯಲ್ಲಿ ಮುದುಡಿ ಕೂರುವ ಈ ಸಾಧುಪ್ರಾಣಿ ತನ್ನ ಡಿಂಭಾವಸ್ಥೆಯಲ್ಲಿ ಮಿಡತೆ ಮೊದಲಾದ ಕೀಟಗಳಿಗೆ ಅಂಟಿಕೊಂಡು ರಸ ಹೀರುವ ಪರಾವಲಂಬಿ!

ಇಂದ್ರಗೋಪದ ದಾಯಾದಿಯಾದ ಇನ್ನೊಂದು ನುಸಿಯ ಡಿಂಭಕ್ಕೆ ಇಲಿ, ಮನುಷ್ಯರ ಮೈಯೇ ಬೇಕು. ಪೊದೆಗಳಲ್ಲಿರುವ ಈ ಆರು ಕಾಲಿನ ಮರಿ ಕಚ್ಚಿದಾಗ ಪೊದೆಜ್ವರವೆಂಬ ರೋಗ ಹರಡುತ್ತದೆ. ಅದರ ಅಪ್ಸರೆಯಾಗಲಿ ಪ್ರೌಢಜೀವಿಯಾಗಲಿ ಎಂದಿಗೂ ಮನುಷ್ಯನನ್ನು ಕಚ್ಚುವುದಿಲ್ಲ. ಮಣ್ಣಿನಲ್ಲಿದ್ದುಕೊಂಡು ಕೀಟಗಳ ಮೊಟ್ಟೆಗಳನ್ನು ತಿನ್ನುತ್ತವೆ. ಒಂದು ಜನ್ಮದಲ್ಲಿ ಒಂದೇ ಸಲ ಕಚ್ಚುವ ಪ್ರಾಣಿಯು ಒಬ್ಬನಿಂದ ಇನ್ನೊಬ್ಬನಿಗೆ ರೋಗವನ್ನು ಸಾಗಿಸುವುದು ಹೇಗೆ? ಇದಕ್ಕೆ ಉತ್ತರವೆಂದರೆ, ರೋಗಾಣುವು ತಾಯಿ ನುಸಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ. ಜೀವನಚರಿತ್ರೆಯನ್ನು ತಿಳಿಯದಿದ್ದರೆ ಈ ಒಗಟು ಬಿಡಿಸಲಾಗದೆ ಉಳಿಯುತ್ತಿತ್ತು.

ಈಗ ಬಾಳೆಗುಳಿಯ ತೆಂಗಿನ ಸೀಮೆಗೆ ಬರೋಣ. ಕರಾವಳಿಯ ತೋಟಗಳಲ್ಲಿ ಇಂದು ಕೊಯ್ದ ತೆಂಗಿನಕಾಯಿಗಳ ರಾಶಿಯನ್ನು ನೋಡಿದರೆ, ಕೆಲವು ಕಾಯಿಗಳ ಮೇಲೆ ತೊಟ್ಟಿನ ಬುಡದಿಂದ ಕೆಳಕ್ಕೆ ಇಳಿದ ಕಂದುಬಣ್ಣದ ಒರಟು ಕಲೆಗಳು ಕಾಣುತ್ತವೆ. ಕಲೆ ಬಿರಿದು, ಅಂಟು ಒಸರಿ, ಕಾಯಿ ಸೊಟ್ಟಗಾಗಿ ಸಣ್ಣದಾಗಿರುವುದೂ ಉಂಟು. ಸಿಪ್ಪೆ ಗಡುಸಾಗಿ ಸುಲಿಯುವವನಿಗೆ ದುಪ್ಪಟ್ಟು ಶ್ರಮ, ನಾರಿಗೆ ಬೆಲೆಯಿಲ್ಲ, ಸೀಯಾಳವಾಗಿ ಮಾರಲು ಹೋದರೆ ನೋಟಕ್ಕೇ ಗಿರಾಕಿ ಹಿಂದೆಗೆಯುತ್ತಾನೆ. ಇದು ತೆಂಗಿನ ನುಸಿಯ ಕೃತ್ಯ.

ಈ ನುಸಿ ನಮ್ಮ ದೇಶದ್ದಲ್ಲ. ಮೆಕ್ಸಿಕೋ ದೇಶದ ಗೆರೆರೋ ಎಂಬ ಪ್ರಾಂತದಿಂದ ಬಂದ ಮಾದರಿಗಳನ್ನು ಪರೀಕ್ಷಿಸಿ, ಕ್ಯಾಲಿಫೋರ್ನಿಯದ ಕೈಫರ್ ಎಂಬ ವಿದ್ವಾಂಸನು ೧೯೬೫ರಲ್ಲಿ ಇದನ್ನು ಮೊದಲು ವರ್ಣಿಸಿದನು. ‘ಅಸೇರಿಯ ಗೆರೆರೋನಿಸ್’ ಎಂಬ ಇದರ ಶಾಸ್ತ್ರೀಯ ನಾಮಕ್ಕೆ ಆ ಪ್ರಾಂತವೇ ಮೂಲ. ಅದರ ಮರುವರ್ಷ, ೧೯೬೬ರಲ್ಲಿ, ಬೆಂಗಳೂರು ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವು ಜಿ. ಪಿ. ಚನ್ನಬಸವಣ್ಣ ಅವರ ಗ್ರಂಥವೊಂದನ್ನು ಪ್ರಕಟಿಸಿತು. ತೆಂಗಿನ ನುಸಿ ಯಾವ ಕುಟುಂಬಕ್ಕೆ ಸೇರಿದೆಯೋ ಅದೇ ಕುಟುಂಬದ ಭಾರತೀಯ ಜಾತಿಗಳ ವಿವರಣೆ ಅದರ ವಿಷಯ. ಹೀಗೆ ಈ ಕುಟುಂಬವನ್ನು ಬಲ್ಲವರು ನಮ್ಮಲ್ಲಿಯೂ ಇದ್ದರು. ಆದರೆ ತೆಂಗಿನ ನುಸಿ ಮಾತ್ರ ಆಗ ಇಲ್ಲಿಯ ದಾಖಲೆಗಳಲ್ಲಿ ಇರಲಿಲ್ಲ. ೧೯೯೭ರಲ್ಲಿ ಅದು ಸಿಂಹಳದಲ್ಲಿ ಕಾಣಿಸಿಕೊಂಡಿತು. ೧೯೯೮ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಿಂದ ವರದಿಯಾಯಿತು. ಸ್ವಲ್ಪ ಕಾಲದಲ್ಲಿಯೇ ಕರ್ನಾಟಕವನ್ನೂ ವ್ಯಾಪಿಸಿತು. ತೆಂಗು ಅಮೆರಿಕ ಖಂಡಕ್ಕೆ ಹೊರಗಿನಿಂದ ಹೋದ ಮರವೆಂಬುದನ್ನು ನೆನೆದರೆ, ಅಲ್ಲಿಯ ಬೇರೆ ಯಾವುದೋ ತಾಳೆಜಾತಿಯ ಮೇಲಿದ್ದ ನುಸಿಯು ಈ ಹೊಸ ಅತಿಥಿಗೆ ದಾಟಿಕೊಂಡು, ಅದರ ಬೆನ್ನು ಹಿಡಿದು ಹಳೆಯ ಜಗತ್ತಿಗೆ ಬಂದಿರಬೇಕೆಂದು ಊಹಿಸುವುದು ಅನುಚಿತವಲ್ಲ.

ಕೊಟ್ಟು ಕೊಳ್ಳುವ ವ್ಯವಹಾರ ಒಂದೇ ದಿಕ್ಕಿನದಾಗಿರಲಿಲ್ಲ. ತೆಂಗಿನ ಗರಿಗಳ ಅಡಿಯಲ್ಲಿದ್ದು ರಸ ಹೀರುವ ಕೆಂಪು ನುಸಿಯೊಂದನ್ನು ೧೯೨೪ರಲ್ಲಿ ಹರ್ಸ್ಟ್ ಎಂಬಾತನು ಕೊಯಮತ್ತೂರಿನ ಮಾದರಿಗಳಿಂದ ವರ್ಣಿಸಿದ್ದನು. ಅದು ೨೦೦೪ರಲ್ಲಿ ಕೆರಿಬಿಯನ್ ಸಮುದ್ರದ ದ್ವೀಪಗಳನ್ನು ಸೇರಿ, ತೆಂಗನ್ನಲ್ಲದೆ ಬಾಳೆಯನ್ನೂ ಹಿಡಿದು, ಅಲ್ಲಿಯವರ ನಿದ್ದೆಗೆಡಿಸಿತು.

ತೆಂಗಿನ ನುಸಿಯ ಶರೀರವು ಮೇಲೆ ಹೇಳಿದ ಎಲ್ಲ ನಿಯಮಗಳಿಗೂ ಅಪವಾದ. ಇದಕ್ಕೆ ಎಂಟು ಕಾಲುಗಳಿಲ್ಲ, ಆರೂ ಇಲ್ಲ. ಹುಟ್ಟಿನಿಂದ ಸಾವಿನವರೆಗೆ ನಾಲ್ಕೇ. ಅವೂ ಮುಂತುದಿಗೆ ಒತ್ತಾಗಿ ಸೇರಿಕೊಂಡಿವೆ. ಹಿಂದೆಲ್ಲ ಉಂಗುರ ಉಂಗುರವಾದ ಬಿಳಿಯ ಹುಳುವಿನಂಥ ಮೈ. ಉದ್ದ ಮಿಲಿಮೀಟರಿನ ಕಾಲು ಭಾಗಕ್ಕಿಂತ ತುಸು ಕಡಮೆ. ಅಗಲ ಅದರ ಐದನೆಯ ಒಂದು ಪಾಲು. ಅಂದರೆ, ತಲೆಗೆ ಬಾಲ ತಾಗಿಸಿ ನಾಲ್ಕನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಇಂಥ ಆಕಾರಕ್ಕೆ ಕಾರಣವಿದೆ. ಹಿಂಗಾಲುಗಳನ್ನು ಕಳೆದುಕೊಂಡು ನೂಲಿನಂತೆ ಸಪೂರಾದ ಪ್ರಾಣಿಯು ಬೇರಾವ ಶತ್ರುವೂ ನುಗ್ಗಲಾರದ ಸಂದಿಯಲ್ಲಿ ನುಗ್ಗಬಲ್ಲುದು.

ಆ ಸಂದಿ ಯಾವುದು? ತೆಂಗಿನ ಮಿಡಿಯ ತೊಟ್ಟಿನ ಕಡೆ ಆರು ಗಟ್ಟಿಯಾದ ಎಸಳುಗಳು ಕಾಯನ್ನು ಟೊಪ್ಪಿಗೆಯಂತೆ ಅಪ್ಪಿಕೊಂಡಿರುತ್ತವೆ. ಹೂ ಫಲಿಸುವ ಮೊದಲು ಈ ಟೊಪ್ಪಿಗೆ ಬಹು ಬಿಗಿ. ಫಲಿಸಿದ ಸುಮಾರು ಒಂದು ತಿಂಗಳ ಮೇಲೆ, ಮಿಡಿ ಹಿಗ್ಗತೊಡಗಿದಾಗ, ಎಸಳಿಗೂ ಕಾಯಿಗೂ ನಡುವೆ ಕೂದಲೆಳೆಯಷ್ಟು ಎಡೆ ಉಂಟಾಗುತ್ತದೆ. ಗಾಳಿಯಲ್ಲಿ ತೇಲಿ ಬಂದ ನುಸಿಗೆ ಅಷ್ಟೇ ಸಾಕು. ಟೊಪ್ಪಿಗೆಯಡಿಯ ಕಾಯಿಯ ಭಾಗವು ಬಿಸಿಲನ್ನೇ ಕಾಣದೆ ಬೆಳ್ಳಗೆ, ಬೆಣ್ಣೆಯಂತೆ ಮೆತ್ತಗಿರುತ್ತದೆ. ಕಾಯಿಯ ಬೆಳವಣಿಗೆ ನಡೆಯುವುದೂ ಅಲ್ಲಿಯೇ. ನುಸಿಯು ಆ ಎಳೆಯ ಅಂಗಾಂಶಕ್ಕೆ ಸೂಜಿ ಚುಚ್ಚಿ ರಸ ಹೀರುತ್ತದೆ. ಕಾಯಿ ಬೆಳೆದಂತೆ ಗಾಯಗೊಂಡ ಭಾಗ ಟೊಪ್ಪಿಗೆಯಿಂದ ಹೊರಕ್ಕೆ ಸರಿದು, ಮೊದಲು ಬಿಳಿಯ ತ್ರಿಕೋನವಾಗಿಯೂ ಬಳಿಕ ಕಂದು ಕಲೆಯಾಗಿಯೂ ತೋರುತ್ತದೆ. ಆದುದರಿಂದ ತೋಟಗಾರನ ಕಣ್ಣಿಗೆ ಬೀಳುವ ಕಲೆ ಹಳೆಯ ಗಾಯ; ಹೊಸ ಗಾಯ ಟೊಪ್ಪಿಗೆಯ ಕೆಳಗೆ ನಡೆಯುತ್ತಲೇ ಇರುತ್ತದೆ.

ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಇದಕ್ಕೆ ಹತ್ತು ದಿನಗಳೇ ಬೇಕಾದೀತು. ತಿಂಗಳಿಗೆ ಮೂರು ಪೀಳಿಗೆ. ಒಂದೇ ಕಾಯಿಯ ಮೇಲೆ ಸಾವಿರಾರು ಪ್ರಾಣಿಗಳು. ಸಂತಾನೋತ್ಪತ್ತಿಗೆ ಗಂಡು ಹೆಣ್ಣುಗಳು ಕೂಡಬೇಕೆಂಬ ನಿರ್ಬಂಧವೂ ಇಲ್ಲ. ಗಂಡು ತನ್ನ ವೀರ್ಯದ ಸಣ್ಣ ಪೊಟ್ಟಣವನ್ನು ಎಲ್ಲಿಯಾದರೂ ನೆಟ್ಟು ಹೋಗುತ್ತದೆ; ಹೆಣ್ಣು ಅದನ್ನು ಕಂಡಾಗ ಎತ್ತಿಕೊಳ್ಳುತ್ತದೆ. ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿಸದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಹೀಗಿರುವುದರಿಂದ ಒಂದೇ ಒಂದು ಒಂಟಿ ಹೆಣ್ಣು ಗಾಳಿಯಲ್ಲಿ ಬಂದು ಒಂದು ಮಿಡಿಯನ್ನು ಸೇರಿದರೂ ಹೊಸ ವಸಾಹತು ಸ್ಥಾಪಿತವಾಗಬಲ್ಲುದು.

ಔಷಧ ಹೊಡೆದರೆ ಆಗದೆ ಎಂದು ಕೇಳಬಹುದು. ಮರದ ಎತ್ತರ, ಟೊಪ್ಪಿಗೆಯ ಮರೆ, ತಿಂಗಳಿಗೊಂದು ಹೊಸ ಗೊನೆ, ಪಕ್ಕದ ತೋಟದಿಂದ ಬೀಸುವ ಗಾಳಿ ಇವೆಲ್ಲ ನುಸಿಯ ಪಕ್ಷದಲ್ಲಿವೆ. ಅಲ್ಲದೆ ಕೀಟನಾಶಕಗಳಲ್ಲಿ ಅನೇಕವು ಕೀಟಗಳಿಗೆ ಮಾತ್ರ ಮಾರಕ; ನುಸಿಯು ಕೀಟವಲ್ಲವಾದುದರಿಂದ ಬದುಕಿಕೊಳ್ಳುತ್ತದೆ, ಅದನ್ನು ತಿನ್ನುವ ಶತ್ರುಗಳು ಸಾಯುತ್ತವೆ. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ.ಯನ್ನು ಸಿಂಪಡಿಸಿದ ಹಣ್ಣಿನ ತೋಟಗಳಲ್ಲಿ, ಅದುವರೆಗೆ ಯಾರೂ ಲೆಕ್ಕಿಸದಿದ್ದ ಜೇಡನುಸಿಗಳು ಒಮ್ಮೆಲೇ ದೊಡ್ಡ ಪಿಡುಗಾದುದು ಹೀಗೆ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯವರು ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನುಗಳ ಶೇಕಡಾ ೨ರ ಮಿಶ್ರಣವನ್ನು ವರ್ಷಕ್ಕೆ ಮೂರು ಸಲ, ಎಳೆಯ ಗೊನೆಗಳ ಟೊಪ್ಪಿಗೆಯ ಭಾಗಕ್ಕೇ ತಾಗುವಂತೆ ಸಿಂಪಡಿಸಲು ಹೇಳುತ್ತಾರೆ. ಬಲಿತ ಕಾಯಿಗೆ ಹೊಡೆದರೆ ಎಣ್ಣೆ ಖರ್ಚಾದೀತೇ ಹೊರತು ಬೇರೆ ಫಲವಿಲ್ಲ. ಬೆಂಗಳೂರಿನ ಜೈವಿಕ ನಿಯಂತ್ರಣದ ಸಂಶೋಧಕರು ಹಿರ್ಸುಟೆಲ್ಲ ಎಂಬ ಬೂಷ್ಟನ್ನು ಈ ನುಸಿಯ ಮೇಲೆ ಪ್ರಯೋಗಿಸಿದ್ದಾರೆ. ಟೊಪ್ಪಿಗೆಯ ಕೆಳಗೆ ಬೇಟೆಗಾರ ನುಸಿಯೂ ಒಂದಿದೆ. ಅದರ ಮೈಯೂ ಚಪ್ಪಟೆಯೇ. ಆದರೆ ತೆಂಗಿನ ನುಸಿಗಿಂತ ದಪ್ಪವಾದುದರಿಂದ ಎಳೆಯ ಮಿಡಿಯ ಸಂದಿಗೆ ಅದು ಹಿಡಿಸುವುದಿಲ್ಲ. ತೆಂಗಿನ ನುಸಿ ಮೊದಲು ಹೊಕ್ಕು, ಅದರ ಹಾವಳಿಯಿಂದ ಸಂದು ಅಗಲವಾದ ಮೇಲೆಯೇ ಇದಕ್ಕೆ ದಾರಿ. ಅಷ್ಟರಲ್ಲಿ ಒಂದೆರಡು ಪೀಳಿಗೆ ಕಳೆದುಹೋಗಿರುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆನ್ನುವ ವಿದ್ಯಾರ್ಥಿಗಳು, ಕಲೆ ಆಗತಾನೆ ತೋರಿರುವ ಮಿಡಿಕಾಯಿಯೊಂದನ್ನು ತಂದು, ಎಸಳುಗಳನ್ನು ಒಂದೊಂದಾಗಿ ಬಿಡಿಸಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಒಳಗಿನ ಬಿಳಿಯ ಭಾಗವನ್ನು ಪರೀಕ್ಷಿಸಲಿ. ಮೊದಲು ಬರಿಯ ಧೂಳು ಕಾಣುತ್ತದೆ; ಸ್ವಲ್ಪ ಹೊತ್ತು ದಿಟ್ಟಿಸಿದರೆ ಧೂಳು ಚಲಿಸುತ್ತಿರುವುದು ತಿಳಿಯುತ್ತದೆ.

ಮನೆಯೊಳಗಿನ ನುಸಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗೋಣ. ಹಾಸಿಗೆ ದಿಂಬುಗಳಲ್ಲಿದ್ದು, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿನ್ನುವ ಧೂಳುನುಸಿಯು ಯಾರನ್ನೂ ಕಚ್ಚುವುದಿಲ್ಲ. ಅದರ ಹಿಕ್ಕೆಯ ಪುಡಿಯು ಉಸಿರಿನೊಡನೆ ಒಳಹೋದಾಗ ಕೆಲವರಿಗೆ ಉಬ್ಬಸ ಬರುತ್ತದೆಂಬುದನ್ನು ಹಾಲೆಂಡಿನ ಲೈಡನ್ ನಗರದ ಸಂಶೋಧಕರು ೧೯೬೪ರ ಸುಮಾರಿಗೆ ತೋರಿಸಿಕೊಟ್ಟರು. ಇದು ನೀರು ಕುಡಿಯದು. ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಕರಾವಳಿಯ ಹವೆ ಅದಕ್ಕೆ ಸುಗ್ಗಿ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಿರಿಯರ ರೂಢಿ ಅದಕ್ಕೆ ಬರಗಾಲ.

ತುರಿಕಜ್ಜಿಯ ನುಸಿ ಚರ್ಮದ ಹೊರಪದರದಲ್ಲಿ ಸುರಂಗ ತೋಡಿ, ದಿನಕ್ಕೆ ಎರಡು ಮೂರರಂತೆ ಮೊಟ್ಟೆಯಿಡುತ್ತದೆ. ಇಟಲಿಯ ಬೊನೊಮೊ ಎಂಬ ವೈದ್ಯನು ೧೬೮೭ರಲ್ಲಿಯೇ ಸೂಕ್ಷ್ಮದರ್ಶಕದಿಂದ ಇದನ್ನು ನೋಡಿ, ಕಜ್ಜಿಗೆ ಇದೇ ಕಾರಣವೆಂದು ಬರೆದಿದ್ದನು. ಆದರೂ ನೂರಾರು ವರ್ಷ ವೈದ್ಯಲೋಕವು ರಕ್ತದೋಷ, ಪಿತ್ತದೋಷಗಳನ್ನೇ ನಂಬಿಕೊಂಡಿತ್ತು. ಮೊದಲ ಸಲ ನುಸಿ ಹತ್ತಿದವನಿಗೆ ತುರಿಕೆ ಆರಂಭವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ವೇಳೆಗೆ ಅದು ಮನೆಮಂದಿಗೆಲ್ಲ ಹಬ್ಬಿರುತ್ತದೆ. ಆದುದರಿಂದ ತುರಿಸಿಕೊಳ್ಳುತ್ತಿರುವವನೊಬ್ಬನಿಗೆ ಮಾತ್ರ ಮುಲಾಮು ಹಚ್ಚಿ ಪ್ರಯೋಜನವಿಲ್ಲ. ಮನೆಯವರೆಲ್ಲ ಏಕಕಾಲದಲ್ಲಿ ಹಚ್ಚಿಕೊಳ್ಳಬೇಕು. ಮೊದಲ ಲೇಪಕ್ಕೆ ಬಗ್ಗದೆ ಉಳಿದ ಮೊಟ್ಟೆಗಳು ಒಡೆದು ಮರಿಯಾದ ಮೇಲೆ, ಅವು ಮತ್ತೆ ಮೊಟ್ಟೆಯಿಡುವುದರೊಳಗೆ, ಎರಡನೆಯ ಸಲ ಹಚ್ಚಿಕೊಳ್ಳಬೇಕು. ವೈದ್ಯರು ಒಂದೆರಡು ವಾರಗಳ ಅಂತರ ಹೇಳುವುದು ಈ ಲೆಕ್ಕದಿಂದಲೇ.

ಬಾಳೆಗುಳಿಯಿಂದ ಹುಬ್ಬಳ್ಳಿಯ ಹಾದಿ ಹಿಡಿದು ಘಟ್ಟವೇರಿದರೆ ನುಸಿಗಳ ನಿಜವಾದ ರಾಜ್ಯ ಸಿಕ್ಕುತ್ತದೆ. ಈ ಜಿಲ್ಲೆಯವರು ದರಕು ಎನ್ನುವ ತರಗೆಲೆಯ ಹಾಸು ಅವುಗಳ ರಾಜಧಾನಿ. ಜೀರುಂಡೆಯಂಥ ಹೊಳಪಿನ ಗಟ್ಟಿ ಚಿಪ್ಪಿನ ನುಸಿಗಳು ಇಲ್ಲಿ ಎಲೆಯನ್ನೂ ಅದರ ಮೇಲೆ ಬೆಳೆದ ಬೂಷ್ಟನ್ನೂ ಅರೆದು ತಿನ್ನುತ್ತ, ಕಾಡಿಗೆ ಗೊಬ್ಬರ ಒದಗಿಸುತ್ತವೆ. ಅಂಗಳದ ಮೂಲೆಯ ಹಿಡಿ ದರಕಿನಲ್ಲಿಯೂ ಇವನ್ನು ಕಾಣಬಹುದು. ಒಂದು ಆಲಿಕೆಯ ಬಾಯಿಗೆ ತಂತಿಬಲೆ ಇಟ್ಟು, ಅದರ ಮೇಲೆ ದರಕನ್ನು ಹರಡಿ, ಮೇಲ್ಗಡೆ ವಿದ್ಯುದ್ದೀಪವೊಂದನ್ನು ತೂಗಹಾಕಿ, ಕೆಳಗೆ ತುಸು ಮದ್ಯಸಾರವಿರುವ ಬಟ್ಟಲಿಡಬೇಕು. ಬಿಸಿಗೂ ಬೆಳಕಿಗೂ ಹೆದರಿದ ಜೀವಿಗಳು ಕೆಳಕೆಳಕ್ಕೆ ಸರಿದು, ಒಂದೆರಡು ದಿನಗಳಲ್ಲಿ ಬಟ್ಟಲಿಗೆ ಬೀಳುತ್ತವೆ. ಇಟಲಿಯ ಬರ್ಲೀಸೆ ೧೯೦೫ರಲ್ಲಿ ರೂಪಿಸಿದ ಉಪಾಯದ ಸುಧಾರಿತ ರೂಪವಿದು. ಶಾಲೆಯ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಮಾಡಬಹುದು. ಆದರೆ ಮಂಗನ ಕಾಯಿಲೆ ಕಂಡ ಕಾಡುಗಳ ದರಕನ್ನು ಇದಕ್ಕಾಗಿ ಯಾರೂ ತರಬಾರದು. ಏಕೆಂಬುದನ್ನು ಈಗ ಹೇಳುತ್ತೇವೆ.

೧೯೫೭ರ ಮಾರ್ಚ್ ತಿಂಗಳಿನಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿರುವ ಸುದ್ದಿ ಬಂದಿತು. ಸುತ್ತಲಿನ ಹಳ್ಳಿಗಳ ಜನರಿಗೂ ತೀವ್ರವಾದ ಜ್ವರ. ಆಫ್ರಿಕದ ಹಳದಿಜ್ವರವೇ ಬಂದಿತೋ ಎಂದು ಮೊದಲು ಅಧಿಕಾರಿಗಳು ಶಂಕಿಸಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವರ್ಕ್, ಟ್ರಪಿಡೋ ಮೊದಲಾದ ವಿಜ್ಞಾನಿಗಳು ಅದೇ ವರ್ಷ ಹೊಸ ವೈರಸ್ ಒಂದನ್ನು ಬೇರ್ಪಡಿಸಿದರು. ಅದು ಸೊಳ್ಳೆಯಿಂದ ಹರಡುವುದಲ್ಲ, ಉಣುಗಿನಿಂದ ಹರಡುವುದು. ದೂರದ ರಷ್ಯದ ಕಾಡುಗಳ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಮಂಗನ ಕಾಯಿಲೆಯೆಂದು ನಾವೆಲ್ಲ ಬಲ್ಲ ಈ ರೋಗ ಕ್ಯಾಸನೂರಿನಲ್ಲಿಯೇ ನಿಲ್ಲಲಿಲ್ಲ. ಸೊರಬಕ್ಕೆ ಹೊಂದಿಕೊಂಡಿರುವ ಉತ್ತರ ಕನ್ನಡಕ್ಕೂ ಅದು ಬಂದಿತು. ೨೦೧೮–೧೯ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿಯೂ ೨೦೨೪ರಲ್ಲಿ ಸಿದ್ಧಾಪುರ ತಾಲೂಕಿನಲ್ಲಿಯೂ ಜನರ ಪ್ರಾಣ ತೆಗೆದುಕೊಂಡಿತು.

ಈ ರೋಗದ ಮುಖ್ಯ ವಾಹಕವಾದ ಉಣುಗಿನ ಜೀವನದಲ್ಲಿ ಮೂರು ಊಟಗಳಿವೆ. ಒಂದೊಂದು ಊಟಕ್ಕೆ ಒಂದೊಂದು ಪ್ರಾಣಿ. ಪ್ರೌಢ ಉಣುಗು ಮಳೆ ಬಿದ್ದ ಮೇಲೆ ಹೆಚ್ಚಾಗಿ ಕಾಣಿಸಿಕೊಂಡು, ದನ ಮೊದಲಾದ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕೆ ಬಿದ್ದು, ದರಕಿನಡಿಯಲ್ಲಿ ಒಂದೇ ಸಲಕ್ಕೆ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆಗಾಲ ಕಳೆಯುತ್ತಿದ್ದಂತೆ ಆರು ಕಾಲಿನ ಡಿಂಭಗಳು ಹೊರಬಂದು ಇಲಿ, ಅಳಿಲು, ಹಕ್ಕಿ, ಮಂಗ ಹೀಗೆ ಸಿಕ್ಕಿದವನ್ನು ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಡಿಂಭಕ್ಕೆ ಅದು ಅಂಟುತ್ತದೆ; ಡಿಂಭ ಪೊರೆ ಕಳಚಿ ಅಪ್ಸರೆಯಾದರೂ ವೈರಸ್ ಮಾತ್ರ ಪೊರೆಯೊಡನೆ ಕಳಚಿಹೋಗದು. ಚಳಿಗಾಲದಿಂದ ಬೇಸಿಗೆಯವರೆಗೆ ಈ ಅಪ್ಸರೆಗಳ ಕಾಲ. ಮನುಷ್ಯನನ್ನು ಕಚ್ಚುವುದು ಬಹುಮಟ್ಟಿಗೆ ಇವೇ.

ಇದೇ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮಲೆನಾಡಿನ ರೈತನು ದರಕು ಗುಡಿಸಲು, ಸೊಪ್ಪು ಸೌದೆ ತರಲು ಬೆಟ್ಟಕ್ಕೆ ಹೋಗುತ್ತಾನೆ. ಮಳೆಗಾಲದ ಮುನ್ನ ಮುಗಿಯಲೇಬೇಕಾದ ಕೆಲಸವದು. ಎಳ್ಳಿನ ಕಾಳಿಗಿಂತ ಚಿಕ್ಕದಾದ ಅಪ್ಸರೆ ಹುಲ್ಲಿನ ತುದಿಗೇರಿ, ಮುಂಗಾಲುಗಳನ್ನು ಚಾಚಿಕೊಂಡು ನಿಂತಿರುತ್ತದೆ. ಆ ಮುಂಗಾಲುಗಳ ತುದಿಯಲ್ಲಿ ಉಸಿರಿನ ಇಂಗಾಲಾಮ್ಲವನ್ನೂ ಮೈಯ ಬಿಸಿಯನ್ನೂ ಗ್ರಹಿಸುವ ಇಂದ್ರಿಯವೊಂದಿದೆ. ಉಣುಗು ಹಾರದು, ಜಿಗಿಯದು. ಪ್ರಾಣಿಯೇ ಬಳಿ ಬಂದು ತಾಗಬೇಕು. ಮಂಗ ಸತ್ತಾಗ ಅಪಾಯ ಹೆಚ್ಚುವುದಕ್ಕೂ ಇದೇ ಕಾರಣ. ತಣ್ಣಗಾದ ಹೆಣದಿಂದ ಉಣುಗುಗಳೆಲ್ಲ ಇಳಿದು ಅಲ್ಲಿಯೇ ಸುತ್ತಮುತ್ತ ಉಳಿಯುತ್ತವೆ. ಆದುದರಿಂದ ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಹೇಳುತ್ತಾರೆ; ಇಲಾಖೆಯವರು ಆ ಸ್ಥಳದ ಸುತ್ತ ಐವತ್ತು ಅಡಿಗಳವರೆಗೆ ಔಷಧದ ಪುಡಿ ಚೆಲ್ಲುವುದು ರೂಢಿ.

ಈ ಕಾಯಿಲೆಗೆಂದು ಕರ್ನಾಟಕದಲ್ಲಿ ೧೯೯೦ರಿಂದ ಹಾಕುತ್ತಿದ್ದ ಲಸಿಕೆಯನ್ನು, ಅದರಿಂದ ದೊರೆಯುವ ರಕ್ಷಣೆ ಸಾಲದೆಂದು ಕಂಡುಬಂದುದರಿಂದ, ೨೦೨೨ರಲ್ಲಿ ನಿಲ್ಲಿಸಲಾಯಿತು. ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳಲೆಂದು ಉಣುಗನ್ನು ದೂರವಿಡುವ ಡೇಪಾ ಎಂಬ ತೈಲವನ್ನು ಇಲಾಖೆಯವರು ಹಂಚುತ್ತಾರೆ. ಮೈತುಂಬ ಬಟ್ಟೆ ತೊಟ್ಟು ಹೋಗಿ, ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮಿಂದು, ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗಗಳನ್ನು ಪರೀಕ್ಷಿಸಿಕೊಳ್ಳಬೇಕು. ಉಣುಗು ಕಚ್ಚಿಕೊಂಡಿದ್ದರೆ ಅದನ್ನು ಉಗುರಿನಿಂದ ಹಿಸುಕುವುದಾಗಲಿ, ಬೀಡಿಯ ಬೆಂಕಿ ತಾಗಿಸುವುದಾಗಲಿ ಕೂಡದು. ಹಿಸುಕಿದಾಗ ಅದರ ಒಡಲಿನ ರಸ ಗಾಯಕ್ಕೆ ಇಳಿಯುವ ಸಂಭವವಿದೆ. ಸಣ್ಣ ಚಿಮುಟದಿಂದ ಅದರ ಮುಖಭಾಗವನ್ನು ಚರ್ಮದ ಮಟ್ಟದಲ್ಲಿಯೇ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಮೇಲಕ್ಕೆ ಎಳೆದರೆ ಕೊಕ್ಕಿನ ಮುಳ್ಳುಗಳೊಡನೆ ಅದು ಇಡಿಯಾಗಿ ಹೊರಬರುತ್ತದೆ.